ಓಡುವ ಹುಡುಗಿಗೆ ಒಂದು ಜೊತೆ ಬೂಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ತಿಂಗಳ ಸಂಬಳದವರಾದ ನಾವೆಲ್ಲರೂ ಒಪ್ಪಿಕೊಂಡ ಧರ್ಮ. ಆದರೆ ಬೂಟು ಇದ್ದಷ್ಟೇ ಕಾಲು ಬೆಳೆಯಲೆಂದು ಎಂಟು ವರ್ಷದ ಮಗುವಿಗೆ ಹೇಳುವಂತಿಲ್ಲವಷ್ಟೆ! ನಮ್ಮ ಹೈದರಾಬಾದಿನಲ್ಲಿ ಶಾಲೆ ತೆರೆಯುವುದೂ ಮಳೆಗಾಲ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ, ಜೂನ್ ತಿಂಗಳ ನಡುವಿನಲ್ಲಿ. ಫೀಸು, ಪುಸ್ತಕ, ಸಮವಸ್ತ್ರ, ಬಸ್ಸು ಇವೆಲ್ಲ ಮುಗಿದು ಕೈಯಲ್ಲಿ ಚಿಲ್ಲರೆ ಉಳಿದಾಗ ಬೂಟಿನ ಸರದಿ ಬರುತ್ತದೆ. ಪಟ್ಟಿಯಲ್ಲಿ ಕೊನೆಗೆ ನಿಲ್ಲುವ ಈ ವಸ್ತುವನ್ನೇ ಮಗು ದಿನಕ್ಕೆ ಏಳೆಂಟು ಗಂಟೆ ತೊಟ್ಟಿರುವುದು ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಅದರಲ್ಲಿಯೂ ಹೆಣ್ಣುಮಗುವಿನ ಬೂಟು ಒಂದು ಪ್ರತ್ಯೇಕ ಸಮಸ್ಯೆ. ಕೋಠಿಯಲ್ಲಾಗಲಿ, ಅಬಿಡ್ಸಿನಲ್ಲಾಗಲಿ, ಸಿಕಂದರಾಬಾದಿನ ಜನರಲ್ ಬಜಾರಿನಲ್ಲಾಗಲಿ ಅಂಗಡಿಯ ಕಪಾಟುಗಳನ್ನೊಮ್ಮೆ ನೋಡಿ. ಒಂದು ಕಡೆ ಗಂಡುಹುಡುಗರ ಬೂಟು: ದಪ್ಪ ಅಟ್ಟೆ, ಬಿಗಿಯಾಗಿ ಕಟ್ಟುವ ಲೇಸು, ಕಲ್ಲಿಗೆ ತಾಗಿದರೂ ಬೆರಳನ್ನು ಕಾಯುವ ಮುಂಭಾಗ. ಇನ್ನೊಂದು ಕಡೆ ಹುಡುಗಿಯರದು: ತೆಳುವಾದ ಅಟ್ಟೆ, ಪಾದದ ಮುಕ್ಕಾಲು ಭಾಗ ತೆರೆದೇ ಇರುವ ಮೇಲ್ಮೈ, ಕಿರುಬೆರಳಿನಗಲದ ಪಟ್ಟಿ, ಅದರ ಮೇಲೊಂದು ಹೂವು. ಕಳೆದ ಬೇಸಗೆಯ ಕೊನೆಯಲ್ಲಿ ನಾವು ದಂಪತಿಗಳು ಮಗಳನ್ನು ಕರೆದುಕೊಂಡು ಹೋಗಿದ್ದೆವು. ಅಂಗಡಿಯವರು ಹೂವಿನ ಬೂಟನ್ನು ಮುಂದಿಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, "ಅಪ್ಪಾ, ಇದು ಹಾಕ್ಕೊಂಡು ಖೋ-ಖೋ ಆಡ್ಲಿಕ್ಕಿ ಬರ್ತದೇನು?" ಎಂದಳು. ಪಕ್ಕದ ಕಪಾಟಿನ ಲೇಸಿನ ಬೂಟನ್ನು ನಾವು ತೋರಿಸಿದಾಗ ಅಂಗಡಿಯವರು ನಕ್ಕು, "ಓ ಲಡಕೋಂ ಕಾ ಹೈ, ಸಾಬ್" ಎಂದರು. ಕಾಲಿಗೆ ಗಂಡು ಹೆಣ್ಣೆಂಬ ಭೇದ ಎಲ್ಲಿಂದ ಬಂತೋ!

ಈ ಪಟ್ಟಿಯ ಬೂಟಿನ ಕಥೆ ಕೇಳಿದರೆ ಅಂಗಡಿಯವರಿಗೂ ಆಶ್ಚರ್ಯವಾದೀತು. ಅಮೆರಿಕದಲ್ಲಿ 1902ರಲ್ಲಿ ಔಟ್‌ಕಾಲ್ಟ್ ಎಂಬ ಚಿತ್ರಕಾರ ಬಸ್ಟರ್ ಬ್ರೌನ್ ಎಂಬ ತುಂಟ ಹುಡುಗನನ್ನೂ ಮೇರಿ ಜೇನ್ ಎಂಬ ಹುಡುಗಿಯನ್ನೂ ಪತ್ರಿಕೆಯ ಚಿತ್ರಕಥೆಯಲ್ಲಿ ಸೃಷ್ಟಿಸಿದ. ಬೂಟಿನ ಕಂಪನಿಯೊಂದು ಆ ಹೆಸರುಗಳನ್ನು ಕೊಂಡುಕೊಂಡಿತು. ಹೀಗೆ ಪಟ್ಟಿಯ ಬೂಟಿಗೆ ಮೇರಿ ಜೇನ್ ಎಂಬ ಹೆಸರು ನಿಂತಿತು. ಆದರೆ ಆಗ ಅಂಥ ಬೂಟನ್ನು ಗಂಡುಮಕ್ಕಳೂ ತೊಡುತ್ತಿದ್ದರು. ಅದು ಹುಡುಗಿಯರಿಗೇ ಮೀಸಲೆಂಬುದು ಆಮೇಲೆ ಬೆಳೆದ ರೂಢಿ. ಇಂಗ್ಲೆಂಡಿನಲ್ಲಿ 2017ರಲ್ಲಿ ಹೆಸರಾಂತ ಕ್ಲಾರ್ಕ್ಸ್ ಕಂಪನಿ ಹುಡುಗರ ಶಾಲಾ ಬೂಟೊಂದಕ್ಕೆ 'ಲೀಡರ್' ಎಂದೂ, ಹುಡುಗಿಯರದಕ್ಕೆ 'ಡಾಲಿ ಬೇಬ್' ಎಂದೂ ಹೆಸರಿಟ್ಟು ತಾಯ್ತಂದೆಯರ ಕೋಪಕ್ಕೆ ಗುರಿಯಾಯಿತು. ಕೊನೆಗೆ ಡಾಲಿಯನ್ನು ಮಾರಾಟದಿಂದ ಹಿಂತೆಗೆಯಿತು. ಒಬ್ಬ ನಾಯಕ, ಇನ್ನೊಬ್ಬಳು ಬೊಂಬೆ! ಬೊಂಬೆ ಕುಳಿತಿರಬೇಕಾದದ್ದು, ಓಡಬೇಕಾದದ್ದಲ್ಲ.

ಇದನ್ನು ಬರಿಯ ಬೂಟಿನ ಮಾತೆಂದು ತಳ್ಳಿಹಾಕುವಂತಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಂಸ್ಥೆಯ ತಜ್ಞರು 2016ರವರೆಗಿನ ಅಂಕಿಗಳನ್ನು ಕೂಡಿಸಿ ನೋಡಿದಾಗ, ಜಗತ್ತಿನ 11ರಿಂದ 17 ವರ್ಷದ ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ ನೂರಕ್ಕೆ 85 ಮಂದಿ ಅಷ್ಟು ಆಡುತ್ತಿರಲಿಲ್ಲವೆಂದು ಕಂಡುಬಂತು. ಹುಡುಗಿ ಆಟದ ಬಯಲಿನಿಂದ ಒಂದೇ ದಿನದಲ್ಲಿ ಮರೆಯಾಗುವುದಿಲ್ಲ. ಮೊದಲು ಬೂಟು ಜಾರುತ್ತದೆ, ಆಮೇಲೆ ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ, "ಇವತ್ತು ನಾ ಒಲ್ಲೆ" ಎಂದು ಕಟ್ಟೆಯ ಮೇಲೆ ಕೂರುತ್ತಾಳೆ, ಕೂರುವುದೇ ಅಭ್ಯಾಸವಾಗುತ್ತದೆ. ನಾವಿರುವ ಊರಾದರೋ ಮಿಥಾಲಿ ರಾಜ್, ಸಾನಿಯಾ ಮಿರ್ಜಾ, ಪಿ. ವಿ. ಸಿಂಧು ಬೆಳೆದ ಊರು. ತಂದೆಯ ಉದ್ಯೋಗದ ನಿಮಿತ್ತ ಹರಿಯಾಣದಿಂದ ಇಲ್ಲಿಗೆ ಬಂದ ಕುಟುಂಬದ ಸೈನಾ ನೆಹ್ವಾಲ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದಳು. ಹೊರಗಿನಿಂದ ಬಂದು ನೆಲಸಿದ ನಮ್ಮಂಥವರ ಮನೆಯ ಹುಡುಗಿಗೂ ಈ ಊರಿನ ಬಯಲು ತೆರೆದೇ ಇದೆ. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ಓಡುವ ಆಸೆಯಿರುವವಳು ಓಡುವಂತಿದ್ದರೆ ಸಾಕು.

ಇನ್ನು ಆರಿಸುವ ಬಗೆ. ಮಗುವನ್ನು ಬಿಟ್ಟು ಹಳೆಯ ಬೂಟಿನ ಅಳತೆ ಹಿಡಿದು ಹೋಗುವುದು ಬೇಡ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ; ಆಗಲೇ ಕರೆದೊಯ್ಯಿರಿ. ಶಾಲೆಗೆ ಹಾಕುವ ಕಾಲುಚೀಲವನ್ನೇ ಹಾಕಿರಲಿ. ಕುಳಿತಾಗ ಅಲ್ಲ, ನಿಂತಾಗ ಅಳೆಯಬೇಕು. ಎರಡು ಪಾದಗಳನ್ನೂ ಅಳೆಯಬೇಕು. ಒಂದು ತುಸು ದೊಡ್ಡದಿರುವುದು ಸಾಮಾನ್ಯ, ಆ ದೊಡ್ಡದಕ್ಕೇ ಕೊಳ್ಳಬೇಕು. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರು ಜಾಗವಿರಲಿ.

ಅಳತೆಯ ಸಂಖ್ಯೆಯೂ ಒಂದು ಸ್ವಾರಸ್ಯ. ನಮ್ಮಲ್ಲಿ ಹೆಚ್ಚಾಗಿ ನಡೆಯುವ ಇಂಗ್ಲಿಷ್ ಪದ್ಧತಿಯ ಒಂದು ನಂಬರಿಗೂ ಮುಂದಿನದಕ್ಕೂ ಅಂತರ ಅಂಗುಲದ ಮೂರನೆಯ ಒಂದು ಪಾಲು, ಸುಮಾರು ಎಂಟೂವರೆ ಮಿಲಿಮೀಟರು. ಅದು ಹುಟ್ಟಿದ್ದು ಒಂದು ಜವೆಗೋಧಿಯ ಕಾಳಿನ ಉದ್ದದಿಂದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಎಂಟು ಜವೆಯ ಅಗಲಕ್ಕೆ ಒಂದು ಅಂಗುಲವೆಂಬ ಲೆಕ್ಕವಿದೆ. ಮಕ್ಕಳ ನಂಬರು ಹದಿಮೂರಕ್ಕೆ ಮುಗಿದು ಮತ್ತೆ ಒಂದರಿಂದ ಆರಂಭವಾಗುತ್ತದೆ, ಗಾಬರಿ ಬೇಡ. ಒಂದು ಕಂಪನಿಯ ಹನ್ನೆರಡು ಇನ್ನೊಂದರ ಹನ್ನೆರಡಕ್ಕೆ ಸಮನಾಗಿರಬೇಕೆಂದಿಲ್ಲವಾದ್ದರಿಂದ ನಂಬರಿಗಿಂತ ಕಾಲನ್ನೇ ನಂಬುವುದು ಮೇಲು.

"ಹೇಗಿದ್ದರೂ ಬೆಳೆಯುವ ಕಾಲು" ಎಂದು ಎರಡು ನಂಬರು ದೊಡ್ಡದನ್ನು ಕೊಂಡು ಮುಂದೆ ಹತ್ತಿ ತುರುಕುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಬೂಟು ಕಳಚದಿರಲೆಂದು ಮಗು ಬೆರಳುಗಳನ್ನು ಮುದುರಿ ಹಿಡಿದು ನಡೆಯುತ್ತದೆ, ಓಡಿದರೆ ಮುಗ್ಗರಿಸುತ್ತದೆ. ಹೊಂದದ ಬೂಟಿಗಿಂತ ಬರಿಗಾಲೇ ವಾಸಿ. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನಲ್ಲಿ, ಹೊಸ ಬೂಟು ಕಾಲಿಗೆ ಹೊಂದದೆ, ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಗೆದ್ದ. ನಾಲ್ಕು ವರ್ಷದ ಅನಂತರ ಟೋಕಿಯೋದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಮೂರು. ಮೊದಲನೆಯದು, ಹಿಮ್ಮಡಿಯ ಭಾಗವನ್ನು ಎರಡು ಬೆರಳಿನಿಂದ ಅದುಮಿ. ಅದು ಸುಲಭವಾಗಿ ಕುಸಿಯಬಾರದು. ಎರಡನೆಯದು, ಬೂಟನ್ನು ಮಡಿಸಿ. ಪಾದ ಮಡಿಯುವ ಕಡೆ, ಬೆರಳ ಬುಡದಲ್ಲಿ ಮಡಿಯಬೇಕೇ ಹೊರತು ನಟ್ಟನಡುವೆ ಅಲ್ಲ. ಮೂರನೆಯದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುರುಳಿಯಾದರೆ ಅದು ಓಡುವವಳ ಬೂಟಲ್ಲ. ಆಮೇಲೆ ಅಟ್ಟೆ ನೋಡಿ. ಅಗ್ಗದ ಗಟ್ಟಿ ಪಿ.ವಿ.ಸಿ. ಅಟ್ಟೆ ಒಣನೆಲದಲ್ಲಿ ಚೆನ್ನಾಗಿದ್ದು ನೀರು ಬಿದ್ದ ಕಲ್ಲಿನ ಮೇಲೆ ಜಾರುತ್ತದೆ. ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಈ ಊರಿನ ಎಷ್ಟೋ ಪಡಸಾಲೆಗಳ ನೆಲವಾಗಿದೆಯಷ್ಟೆ. ಮಳೆಗಾಲದಲ್ಲಿ ಅದರ ಮೇಲೆ ಓಡಬೇಕಾದ ಹುಡುಗಿಗೆ ಆಳವಾದ ಗೆರೆಗಳುಳ್ಳ ರಬ್ಬರಿನಂಥ ಮೆತುವಾದ ಅಟ್ಟೆ ಬೇಕು. ಕೊನೆಗೆ ಅಂಗಡಿಯ ಒಳಗೆ ಹತ್ತು ಹೆಜ್ಜೆ ಓಡಿಸಿ, ಕುಪ್ಪಳಿಸಲು ಹೇಳಿ. ಹಿಮ್ಮಡಿ ಮೇಲೆದ್ದರೆ ಬೇರೆ ಜೊತೆ ಕೇಳಿ. ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಕೆಲವು ಶಾಲೆಗಳಲ್ಲಿ ಹುಡುಗಿಯರಿಗೆ ಪಟ್ಟಿಯ ಬೂಟೇ ಆಗಬೇಕೆಂಬ ನಿಯಮವುಂಟು. ಅಂಥ ಕಡೆ ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿ. ಬಣ್ಣ ಕಪ್ಪಾಗಿದ್ದರೆ ಲೇಸಿನ ಬೂಟಿಗೆ ಒಪ್ಪಿಯಾರು. ಒಪ್ಪದಿದ್ದರೆ ಅಗಲವಾದ ಪಟ್ಟಿ, ಗಟ್ಟಿ ಬಕಲ್, ಪಾದದ ಮೇಲೆ ಎತ್ತರಕ್ಕೆ ಬರುವ ಮೇಲ್ಮೈ ಇರುವುದನ್ನು ಹುಡುಕಿ. ಅಂಟುವ ವೆಲ್ಕ್ರೋ ಪಟ್ಟಿ ಚಿಕ್ಕವರಿಗೆ ಅನುಕೂಲ. ಧೂಳು ಕೂತರೆ ಹಿಡಿತ ಬಿಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸರಿಹೋಗುತ್ತದೆ.

ಹಣದ ಮಾತು ಬಿಟ್ಟು ಸಂಸಾರ ಇಲ್ಲ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಗಾದೆ ಬೂಟಿಗೂ ಸಲ್ಲುತ್ತದೆ. ಉದಾಹರಣೆಗೆ, ನಾಲ್ಕು ತಿಂಗಳು ಬಾಳುವ 350 ರೂಪಾಯಿಯ ಬೂಟು ಹತ್ತು ತಿಂಗಳ ಶಾಲೆಗೆ ಮೂರು ಜೊತೆ ಬೇಕು, ಒಟ್ಟು 1,050. ಹತ್ತು ತಿಂಗಳೂ ಬಾಳುವ ಬೂಟಿಗೆ 700 ಕೊಟ್ಟರೂ 350 ಉಳಿಯಿತು. ಕೊಳ್ಳುವ ಮುನ್ನ ನಿಮ್ಮ ಬೀದಿಯ ಮೋಚಿಯನ್ನು ಒಂದು ಮಾತು ಕೇಳಿ. ಯಾವ ಬೂಟು ಎಲ್ಲಿ ಬಿಚ್ಚುತ್ತದೆಂಬುದು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅಂಚಿಗೆ ಹೊಲಿಗೆ ಹಾಕಬಹುದಾದ ಬೂಟಾದರೆ ಮೊದಲ ವಾರವೇ ಹಾಕಿಸಿಬಿಡಿ.

ಮಳೆಯಲ್ಲಿ ತೊಯ್ದ ಬೂಟನ್ನು ಒಲೆಯ ಬಳಿ ಇಡಬೇಡಿ. ತೊಗಲು ಬಿರಿಯುತ್ತದೆ, ಅಂಟು ಬಿಡುತ್ತದೆ. ಹಳೆಯ ಪತ್ರಿಕೆಯ ಹಾಳೆ ತುಂಬಿ ನೆರಳಿನಲ್ಲಿ ಗಾಳಿಗಿಡಿ. ಕಾಲುಚೀಲ ಎರಡು ಜೊತೆಯಾದರೂ ಇರಲಿ. ಕರ್ನಾಟಕ ಸರ್ಕಾರ 2015-16ರಲ್ಲಿ ತನ್ನ ಶಾಲೆಗಳ ಮಕ್ಕಳಿಗೆ ಬೂಟು ಕೊಡಲು ಆರಂಭಿಸಿದಾಗಲೂ ಒಂದು ಜೊತೆ ಬೂಟಿಗೆ ಎರಡು ಜೊತೆ ಕಾಲುಚೀಲವೆಂದೇ ಗೊತ್ತುಮಾಡಿತು.

ಇನ್ನೊಂದು ಮಾತು. ಈ ವಯಸ್ಸಿನ ಮಕ್ಕಳು "ಬೂಟು ಬಿಗಿಯಾಯಿತು" ಎಂದು ತಾವಾಗಿ ಹೇಳುವುದು ಅಪರೂಪ. ಮನೆಯ ಖರ್ಚು ಬಲ್ಲ ಹುಡುಗಿಯಂತೂ ಹೇಳುವುದೇ ಇಲ್ಲ. ನಾವೇ ನೋಡಬೇಕು. ಮಗಳ ಪಾದವನ್ನು ರಟ್ಟಿನ ಮೇಲೆ ಇಡಿಸಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿಡಿ. ನಮ್ಮ ಈ ಪತ್ರಿಕೆ ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ಅದು ಬಂದ ದಿನ ಆ ರಟ್ಟನ್ನು ತೆಗೆದು ಪಾದವನ್ನು ಮತ್ತೆ ಅದರ ಮೇಲಿಡಿಸಿ. ಗೆರೆ ದಾಟಿದ್ದರೆ ಸಂತೋಷಪಡಿ, ಬೂಟಿನೊಳಗೆ ಕೈ ಹಾಕಿ ಜಾಗ ನೋಡಿ. ಇಲ್ಲವೆಂದಾದರೆ ಮುಂದಿನ ಭಾನುವಾರ ಸಂಜೆ ಅವಳನ್ನು ಕರೆದುಕೊಂಡು ಹೊರಡಿ.