ತಾಮ್ರದ ಕೊಳವೆಗಳಿಗೆ ಬೆಸುಗೆಯೋ ಅಂಟೋ?

ಸೂರ್ಯನ ಶಾಖದಿಂದ ನೀರು ಕಾಯಿಸುವ ಸಾಧನಗಳು ಈಗ ಕರ್ನಾಟಕದ ಅನೇಕ ಮನೆಗಳ ಮೇಲೆ ಕಾಣಬರುತ್ತವೆ. ಇವುಗಳಲ್ಲಿ ಹಲವಕ್ಕೆ ತಾಮ್ರದ ಕೊಳವೆಗಳಿರುತ್ತವೆ. ಕೊಳವೆಯು ಎಷ್ಟೇ ಉತ್ತಮವಾಗಿದ್ದರೂ ಸಂಧಿಯು ಸೋರಿದರೆ ಫಲವಿಲ್ಲ. ಸಂಧಿಗಳನ್ನು ಬೆಸುಗೆಯಿಂದ ಕೂಡಿಸುವುದು ಹಿಂದಿನಿಂದ ಬಂದ ಪದ್ಧತಿ. ಬೆಂಕಿಯಿಲ್ಲದೆ ಅಂಟಿನಿಂದ ಕೂಡಿಸುವ ಕ್ರಮವೂ ಈಗ ಇರುವುದರಿಂದ, ಯಾವುದು ಎಲ್ಲಿಗೆ ತಕ್ಕುದೆಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು.

ತಾಮ್ರವು ಕರಗಬೇಕಾದರೆ ಸುಮಾರು 1,085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ತವರವೇ ಪ್ರಧಾನವಾದ ಬೆಸುಗೆಯು 230 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗಿ, ಕೊಳವೆಗೂ ಕೂಡುತುಂಡಿಗೂ ನಡುವಣ ಕಿರುಸಂದಿಗೆ ತಾನಾಗಿಯೇ ಏರಿ, ತಾಮ್ರವನ್ನು ಹಿಡಿದುಕೊಳ್ಳುವುದು. ಚೆನ್ನಾಗಿ ಮಾಡಿದ ಬೆಸುಗೆಯು ಬಹುಕಾಲ ಬಾಳುವುದು. ಆದರೆ ಹುಲ್ಲಿನ ಮೆದೆ, ಮರದ ತೊಲೆಗಳ ಬಳಿ ಉರಿಯನ್ನು ಹಿಡಿಯುವುದು ಅಪಾಯಕರ. ಕೊಳವೆಯಲ್ಲಿ ನೀರು ಉಳಿದಿದ್ದರೆ ಅದು ಆವಿಯಾಗುತ್ತ ಶಾಖವನ್ನು ಹೀರಿ, ಬೆಸುಗೆಯನ್ನು ಕರಗಗೊಡದು. ಸೀಸ ಬೆರೆತ ಬೆಸುಗೆಯನ್ನಂತೂ ಕುಡಿಯುವ ನೀರಿನ ಕೊಳವೆಗೆ ಎಂದಿಗೂ ಬಳಸಕೂಡದು. ಸೀಸವು ಮಕ್ಕಳ ಮಿದುಳಿಗೆ ಹಾನಿಕರ. ಅಮೆರಿಕ ದೇಶವು ಕುಡಿಯುವ ನೀರಿನ ಕೊಳವೆಗಳಿಗೆ ಇಂತಹ ಬೆಸುಗೆಯನ್ನು 1986ರಲ್ಲಿ ಕಾಯಿದೆಯಿಂದ ನಿಷೇಧಿಸಿತು.

ಪಿ.ವಿ.ಸಿ. ಕೊಳವೆಗಳನ್ನು ಅಂಟಿಸಿ ಬಲ್ಲವರು ತಾಮ್ರಕ್ಕೂ ಅದೇ ನಿಯಮವೆಂದು ಭಾವಿಸಬಾರದು. ಅಲ್ಲಿ ದ್ರಾವಕವು ಎರಡು ಮೈಗಳನ್ನೂ ಮೆದುಗೊಳಿಸಿ ಒಂದಾಗಿಸುತ್ತದೆ. ತಾಮ್ರವು ಹಾಗೆ ಮೆದುವಾಗದು. ಅಂಟು ನಡುವೆ ಬೇರೆಯಾಗಿಯೇ ನಿಂತು ಹಿಡಿಯಬೇಕು. ಇಂತಹ ಅಂಟುಗಳಲ್ಲಿ ಮುಖ್ಯವಾದುವು ಎರಡು ಬಗೆ. ಎಪಾಕ್ಸಿಯು ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವುದು. ಇನ್ನೊಂದು ಬಗೆಯು ಗಾಳಿ ಸೋಕುತ್ತಿರುವವರೆಗೆ ದ್ರವವಾಗಿದ್ದು, ಲೋಹದ ನಡುವೆ ಗಾಳಿಯಿಲ್ಲದೆ ಸಿಕ್ಕಿದಾಗ ಗಟ್ಟಿಯಾಗುವುದು. ತಾಮ್ರವು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ.

ಅಂಟಿನ ಮುಖ್ಯ ಕೊರತೆಯು ಶಾಖವನ್ನು ತಾಳದಿರುವುದು. ಸಾಧಾರಣ ಎಪಾಕ್ಸಿಯ ಬಲವು 60 ಡಿಗ್ರಿಯ ಸುಮಾರಿನಲ್ಲಿಯೇ ಕುಗ್ಗತೊಡಗಬಹುದು. ಸೂರ್ಯಶಾಖದ ಸಾಧನದಲ್ಲಿ ನೀರು ಹರಿಯದೆ ನಿಂತಾಗ ಫಲಕದ ಶಾಖವು 100 ಡಿಗ್ರಿಯನ್ನೂ ಮೀರಬಹುದು. ಮೇಲಾಗಿ ಒಂದು ಮೀಟರು ಉದ್ದದ ತಾಮ್ರದ ಕೊಳವೆಯು 50 ಡಿಗ್ರಿ ಕಾದರೆ ಸುಮಾರು 0.85 ಮಿಲಿಮೀಟರು ಬೆಳೆಯುತ್ತದೆ. ದಿನವೂ ಕಾದು ತಣಿಯುವ ಸಂಧಿಯು ಈ ಎಳೆತವನ್ನೂ ತಡೆಯಬೇಕು. ಆದಕಾರಣ ಫಲಕದ ಒಳಗೂ ಅದರ ಸಮೀಪದಲ್ಲಿಯೂ ಸಾಧಾರಣ ಅಂಟನ್ನು ನಂಬಲಾಗದು. ತಣ್ಣೀರಿನ ಕೊಳವೆಗೆ, ಅದರಲ್ಲಿಯೂ ಉರಿಯನ್ನು ಹಿಡಿಯಲಾಗದ ಇಕ್ಕಟ್ಟಿನಲ್ಲಿ, ಅಂಟು ಉಪಯುಕ್ತವಾದುದು.

ಅಂಟಿಸುವ ಕ್ರಮ ಹೀಗೆ: ನೀರನ್ನು ನಿಲ್ಲಿಸಿ ಕೊಳವೆಯನ್ನು ಪೂರ್ಣವಾಗಿ ಒಣಗಿಸಬೇಕು. ಕೂಡತಕ್ಕ ಎರಡು ಮೈಗಳನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಜಿಡ್ಡು ಉಳಿಯದಂತೆ ಒರೆಸಿ, ಮತ್ತೆ ಬೆರಳು ಮುಟ್ಟಿಸಬಾರದು. ಅಂಟನ್ನು ಸುತ್ತಲೂ ಎಡೆಬಿಡದೆ ಸವರಿ, ಕೊಳವೆಯನ್ನು ತಿರುಗಿಸುತ್ತ ಒಳಗೆ ಕೂಡಿಸಬೇಕು. ಡಬ್ಬಿಯ ಮೇಲೆ ಹೇಳಿದ ಕಾಲ ಮುಗಿಯುವವರೆಗೆ ಅಲುಗಿಸದೆ, ನೀರನ್ನೂ ಬಿಡದೆ ಕಾಯಬೇಕು. ಚಳಿಗಾಲದಲ್ಲಿ ಈ ಕಾಲವು ಹೆಚ್ಚುವುದು.

ಕೊಳ್ಳುವಾಗ, ಕುಡಿಯುವ ನೀರಿಗೆ ಯೋಗ್ಯವೆಂಬ ಪ್ರಮಾಣವೂ, ತಾಳಬಲ್ಲ ಶಾಖ ಮತ್ತು ಒತ್ತಡಗಳ ಮಿತಿಯೂ ಡಬ್ಬಿಯ ಮೇಲೆ ಇವೆಯೇ ಎಂದು ನೋಡತಕ್ಕದ್ದು. ಇವು ಇಲ್ಲದ ಅಂಟನ್ನು ಬಿಟ್ಟು, ಸೀಸರಹಿತ ಬೆಸುಗೆಯನ್ನು ಅನುಭವಸ್ಥರಿಂದ ಹಾಕಿಸುವುದೇ ಮೇಲು.