ಬಿತ್ತನೆಯ ಬೀಜವೂ ವಂಶಗುಣವೂ

ಮುಸುಕಿನ ಜೋಳವನ್ನು ಬೆಳೆಯುವ ಸೀಮೆಗಳಲ್ಲಿ ಒಂದು ದೂರು ಪದೇ ಪದೇ ಕೇಳಿಬರುವುದುಂಟು. ರೈತನೊಬ್ಬನು ಬೆಲೆ ಕೊಟ್ಟು ಮಿಶ್ರತಳಿಯ ಬೀಜವನ್ನು ತಂದು ಬಿತ್ತಿ, ಒಂದೇ ಸಮನಾದ ಪೈರನ್ನೂ ತುಂಬಿದ ತೆನೆಗಳನ್ನೂ ಪಡೆಯುತ್ತಾನೆ. ಮರುವರ್ಷ ಬೀಜದ ಖರ್ಚನ್ನು ಉಳಿಸಬೇಕೆಂದು ಆ ಫಸಲಿನಲ್ಲಿಯೇ ಅತ್ಯುತ್ತಮವಾದ ತೆನೆಗಳನ್ನು ಆರಿಸಿ, ಹುಳು ಬೀಳದಂತೆ ಕಾಪಾಡಿ, ಹದವರಿತು ಬಿತ್ತುತ್ತಾನೆ. ಆದರೆ ಈ ಸಲ ಹೊಲದಲ್ಲಿ ಒಂದು ಗಿಡ ಎತ್ತರ, ಮತ್ತೊಂದು ಗಿಡ್ಡ. ಒಂದು ಬೇಗ ತೆನೆ ಹಾಯುವುದು, ಇನ್ನೊಂದು ತಡವಾಗಿ. ಕಾಳಿನ ತೂಕವಂತೂ ಹಿಂದಿನ ವರ್ಷದ ಸಮೀಪಕ್ಕೂ ಬರುವುದಿಲ್ಲ. ನೆರೆಹೊಲದವನು ತನ್ನ ರಾಗಿಯ ಬೀಜವನ್ನು ವರ್ಷವರ್ಷವೂ ತಾನೇ ಇಟ್ಟುಕೊಂಡು ಬಿತ್ತಿದರೂ ಅವನಿಗೆ ಈ ತೊಂದರೆಯಿಲ್ಲ. ಇದನ್ನು ಕಂಡವನು ಬೀಜ ಮಾರಿದವನು ಮೋಸಮಾಡಿದನೆಂದೋ ಭೂಮಿಯ ಸಾರವೇ ಕೆಟ್ಟಿತೆಂದೋ ತಿಳಿದು ಊರಿನ ಮುಖಂಡರ ಬಳಿಗೆ ಹೋಗುತ್ತಾನೆ. ಈ ಎರಡು ತಿಳಿವಳಿಕೆಗಳೂ ಸರಿಯಲ್ಲ. ಕಾರಣವು ಬೀಜದೊಳಗೇ ಇರುತ್ತದೆ. ಅದನ್ನು ತಿಳಿದಿದ್ದರೆ ಯಾವ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಯಾವುದನ್ನು ಇಡಲಾಗದು ಎಂಬುದನ್ನು ಮುಂಗಾರಿಗೆ ಮೊದಲೇ ಹೇಳಬಹುದು.

ತಾಯಿತಂದೆಗಳ ಗುಣವು ಸಂತತಿಗೆ ಹೇಗೆ ಇಳಿಯುತ್ತದೆಂಬುದನ್ನು ಮೊದಲಿಗೆ ಲೆಕ್ಕವಿಟ್ಟು ನೋಡಿದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ. ಈಗಿನ ಚೆಕ್ ದೇಶಕ್ಕೆ ಸೇರಿದ ಬ್ರುನೋ ಪಟ್ಟಣದ ಮಠದ ತೋಟದಲ್ಲಿ, 1856ರಿಂದ 1863ರ ವರೆಗೆ, ಅವನು ಬಟಾಣಿಯನ್ನು ಬೆಳೆಸಿ ಪರೀಕ್ಷೆಗಳನ್ನು ನಡೆಸಿದನು. ಬಟಾಣಿಯ ಹೂವು ತನ್ನ ಪರಾಗವನ್ನೇ ತಾನು ಪಡೆದು ಕಾಯಿ ಕಟ್ಟುವಂಥದು. ಆದುದರಿಂದ ಎತ್ತರದ ತಳಿಯು ತಲೆತಲಾಂತರಕ್ಕೂ ಎತ್ತರವಾಗಿಯೂ, ಗಿಡ್ಡ ತಳಿಯು ಗಿಡ್ಡವಾಗಿಯೂ ಇರುತ್ತದೆ. ಮೆಂಡೆಲನು ಒಂದರ ಪರಾಗವನ್ನು ಕೈಯಿಂದ ಇನ್ನೊಂದಕ್ಕೆ ಇಟ್ಟನು. ಹುಟ್ಟಿದ ಮೊದಲ ತಲೆಯ ಗಿಡಗಳೆಲ್ಲವೂ ಎತ್ತರವಾದವು. ನಡುಮಟ್ಟದ್ದು ಒಂದೂ ಇರಲಿಲ್ಲ. ಆ ಎತ್ತರದ ಗಿಡಗಳನ್ನು ತಮ್ಮಷ್ಟಕ್ಕೆ ಬಿಟ್ಟು, ಅವುಗಳ ಬೀಜವನ್ನು ಬಿತ್ತಿದಾಗ, 1,064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಗಿಡ್ಡವಾಗಿಯೂ ಬಂದವು. ಗುಂಡುಕಾಳು ಮತ್ತು ಸುಕ್ಕುಕಾಳುಗಳ ವಿಷಯದಲ್ಲಿ 5,474 ಗುಂಡಾಗಿಯೂ 1,850 ಸುಕ್ಕಾಗಿಯೂ ಬಂದವು. ಎರಡರಲ್ಲಿಯೂ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಮೆಂಡೆಲನು ಇದರಿಂದ ಊಹಿಸಿದ್ದೇನೆಂದರೆ, ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಒಂದು ಜೊತೆ ಕಾರಕಗಳಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಎರಡೂ ಬೇರೆ ಬೇರೆಯಾಗಿದ್ದರೆ ಪ್ರಬಲವಾದದ್ದು ಹೊರಗೆ ಕಾಣುವುದು, ದುರ್ಬಲವಾದದ್ದು ಅಡಗಿರುವುದು. ಅಡಗಿದ್ದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ, ಪ್ರಬಲವಾದುದರೊಡನೆ ಹಾಲಿನಲ್ಲಿ ನೀರು ಬೆರೆತಂತೆ ಬೆರೆಯುವುದೂ ಇಲ್ಲ. ಪರಾಗವೂ ಅಂಡವೂ ಆಗುವಾಗ ಈ ಜೊತೆಯು ಬೇರ್ಪಟ್ಟು ಒಂದೊಂದೇ ಹೋಗುತ್ತದೆ. ಎರಡು ಅಡಗಿದವುಗಳು ಮತ್ತೆ ಕೂಡಿದ ಕಡೆ ಗಿಡ್ಡಗಿಡವು ತಾನಾಗಿಯೇ ಎದ್ದು ಕಾಣುತ್ತದೆ. ಅಜ್ಜನ ಮುಖಚಹರೆಯು ಮಗನಲ್ಲಿ ಕಾಣದೆ ಮೊಮ್ಮಗನಲ್ಲಿ ಕಾಣುವುದನ್ನು ಬಲ್ಲ ಹಳ್ಳಿಗರಿಗೆ ಇದು ತೀರ ಹೊಸ ಸಂಗತಿಯಲ್ಲ, ಲೆಕ್ಕವೊಂದೇ ಹೊಸದು. ಮೆಂಡೆಲನ ಲೇಖನವು 1866ರಲ್ಲಿ ಅಚ್ಚಾದರೂ ಆಗಿನ ವಿದ್ವಾಂಸರು ಅದನ್ನು ಗಮನಿಸಲಿಲ್ಲ. ಅವನು 1884ರಲ್ಲಿ ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, 1900ರಲ್ಲಿ, ಅದಕ್ಕೆ ಬೆಲೆ ಬಂದಿತು.

ನಮ್ಮ ರಾಗಿಯಲ್ಲಿಯೂ ಇದೇ ನಿಯಮವನ್ನು ಕಣ್ಣಾರೆ ನೋಡಬಹುದು. ರಾಗಿಯ ತಳಿಗಳಲ್ಲಿ ಗಿಣ್ಣೂ ಕಾಂಡವೂ ನೇರಿಳೆ ಬಣ್ಣಕ್ಕಿರುವ ಕೆಲವು, ಪೂರಾ ಹಸಿರಾಗಿರುವ ಕೆಲವು ಇರುತ್ತವೆ. ನೇರಿಳೆಯು ಪ್ರಬಲ, ಹಸಿರು ದುರ್ಬಲ. ರಾಗಿಯ ಹೂವು ಬಹು ಸಣ್ಣದು. ಮುಚ್ಚಿದ ಹೊಟ್ಟಿನೊಳಗೇ ತನ್ನ ಪರಾಗವನ್ನು ತಾನು ಪಡೆಯುವುದರಿಂದ, ಒಂದು ತಳಿಯನ್ನು ಇನ್ನೊಂದರೊಡನೆ ಕೂಡಿಸುವುದು ತಾಳ್ಮೆಯನ್ನೇ ಪರೀಕ್ಷಿಸುವ ಕೆಲಸ. ತಳಿಗಾರರು ಹಸಿರು ಗಿಡದ ತೆನೆಯನ್ನೂ ನೇರಿಳೆ ಗಿಡದ ತೆನೆಯನ್ನೂ ಹೂಬಿಡುವ ಹೊತ್ತಿಗೆ ಒಟ್ಟಿಗೆ ಸೇರಿಸಿ ಕಟ್ಟಿ, ಹಸಿರು ಗಿಡದ ಕಾಳನ್ನು ಮಾತ್ರ ಬಿತ್ತುತ್ತಾರೆ. ಬಂದ ಸಸಿಗಳಲ್ಲಿ ಬಹುಪಾಲು ಹಸಿರೇ. ಅವು ಸ್ವಂತ ಪರಾಗದಿಂದ ಹುಟ್ಟಿದವು. ನಡುವೆ ಎಲ್ಲಿಯೋ ಒಂದೆರಡು ನೇರಿಳೆ ಸಸಿಗಳು ಕಂಡರೆ ಅವೇ ನಿಜವಾದ ಮಿಶ್ರಸಂತಾನ. ಉಳಿದವುಗಳನ್ನು ಕಿತ್ತುಹಾಕುತ್ತಾರೆ. ಮೆಂಡೆಲನ ನಿಯಮವನ್ನು ಬಿಟ್ಟು ಈ ಉಪಾಯಕ್ಕೆ ಬೇರೆ ಆಧಾರವಿಲ್ಲ.

ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ಡಾ|| ಸಿ. ಎಚ್. ಲಕ್ಷ್ಮಣಯ್ಯನವರು (1921–1993) ನಮ್ಮ ದೇಶದ ರಾಗಿಗಳನ್ನು ಆಫ್ರಿಕದ ರಾಗಿಗಳೊಡನೆ ಕೂಡಿಸಿದರು. ಆಫ್ರಿಕದವುಗಳಿಗೆ ದಪ್ಪ ಕಾಂಡ, ಒತ್ತಾದ ದೊಡ್ಡ ತೆನೆ. ನಮ್ಮವುಗಳಿಗೆ ಇಲ್ಲಿಯ ಮಳೆಗಾಲಕ್ಕೆ ಒಗ್ಗಿದ ಅವಧಿ. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಈ ಸಂತತಿಯ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಾಯಿತು. ಈಗ ಬೆಂಕಿರೋಗವನ್ನು ತಡೆಯುವುದಕ್ಕಾಗಿ ಬಹಳ ಮಂದಿ ಬಿತ್ತುವ ಜಿ.ಪಿ.ಯು. 28 ಎಂಬ ತಳಿಯ ತಾಯಿತಂದೆಗಳಲ್ಲಿಯೂ ಇಂಡಾಫ್ ರಕ್ತವಿದೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಇಂಡಾಫ್ ಕೂಡ ಎರಡು ತಳಿಗಳು ಕೂಡಿ ಹುಟ್ಟಿದ್ದೇ ಅಲ್ಲವೆ? ಅದರ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾದರೆ ಜೋಳದ ಮಿಶ್ರತಳಿಯದೇಕೆ ಆಗದು? ಈ ವ್ಯತ್ಯಾಸವೇ ಮುಖ್ಯವಾದದ್ದು. ಮಿಶ್ರಗಿಡವು ಸ್ವಂತ ಪರಾಗದಿಂದ ಬೀಜ ಕಟ್ಟಿದಾಗ, ಬೇರೆ ಬೇರೆ ಕಾರಕಗಳ ಜೊತೆಗಳಲ್ಲಿ ಅರ್ಧದಷ್ಟು ಒಂದೇ ತರದ ಜೊತೆಗಳಾಗಿ ನೆಲೆಗೊಳ್ಳುತ್ತವೆ. ಮರುತಲೆಗೆ ಉಳಿಯುವ ಮಿಶ್ರಣ ನಾಲ್ಕರಲ್ಲೊಂದು ಪಾಲು, ಅದರ ಮರುತಲೆಗೆ ಎಂಟರಲ್ಲೊಂದು. ಆರನೆಯ ತಲೆಯ ಹೊತ್ತಿಗೆ ಅರವತ್ತನಾಲ್ಕರಲ್ಲೊಂದು. ತಳಿಗಾರನು ಈ ಆರೇಳು ಬೆಳೆಗಳ ಕಾಲವೂ ಒಳ್ಳೆಯ ಗಿಡಗಳನ್ನು ಆರಿಸುತ್ತ, ಕೆಟ್ಟವುಗಳನ್ನು ತೆಗೆಯುತ್ತ ಹೋಗಿ, ಇನ್ನು ಒಡೆಯದಂತೆ ಸ್ಥಿರವಾದ ಮೇಲೆಯೇ ರೈತರಿಗೆ ಕೊಡುತ್ತಾನೆ. ರಾಗಿಯಲ್ಲಿ ಪರಪರಾಗದಿಂದ ಕಟ್ಟುವ ಕಾಳು ನೂರಕ್ಕೆ ಒಂದು ಸಹ ಇಲ್ಲವೆನ್ನಬಹುದಾದ್ದರಿಂದ ರೈತನ ಮನೆಯಲ್ಲಿಯೂ ಆ ಸ್ಥಿರತೆಯು ಬಹುಕಾಲ ಉಳಿಯುತ್ತದೆ. ಭತ್ತದ ಸಾಮಾನ್ಯ ತಳಿಗಳಿಗೂ ಇದೇ ಮಾತು ಸಲ್ಲುತ್ತದೆ.

ಮುಸುಕಿನ ಜೋಳದ ರೀತಿಯೇ ಬೇರೆ. ಅದರ ಗಂಡು ಹೂಗೊಂಚಲು ಗಿಡದ ತುದಿಯಲ್ಲಿ, ಹೆಣ್ಣು ತೆನೆ ನಡುಕಾಂಡದಲ್ಲಿ. ಗಾಳಿಯು ಪರಾಗವನ್ನು ಹೊಲದುದ್ದಕ್ಕೂ ಒಯ್ಯುತ್ತದೆ. ಇಂಥ ಗಿಡವನ್ನು ಬಲವಂತದಿಂದ ಸ್ವಂತ ಪರಾಗಕ್ಕೇ ಕಟ್ಟಿಹಾಕಿದರೆ ತಲೆತಲೆಗೂ ಸೊರಗುತ್ತದೆ. ಹೀಗೆ ಸೊರಗಿ ಸ್ಥಿರವಾದ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದರೆ, ಹುಟ್ಟುವ ಸಂತಾನವು ಎರಡನ್ನೂ ಮೀರಿ ಬೆಳೆಯುತ್ತದೆಂಬುದನ್ನು ಅಮೆರಿಕದ ಜಾರ್ಜ್ ಶಲ್ ಎಂಬುವನು 1908ರಲ್ಲಿ ತೋರಿಸಿಕೊಟ್ಟನು. ನಮ್ಮ ದೇಶದಲ್ಲಿ ಜೋಳದ ಇಂಥ ಮೊದಲ ಮಿಶ್ರತಳಿಗಳು 1961ರಲ್ಲಿ ರೈತರ ಕೈಗೆ ಬಂದವು. ಬೀಜೋತ್ಪಾದನೆಯ ಹೊಲದಲ್ಲಿ ಹೆಣ್ಣುಸಾಲುಗಳ ಗಂಡು ಗೊಂಚಲುಗಳನ್ನು ಪರಾಗ ಉದುರುವ ಮುಂಚೆ ಒಂದೂ ಬಿಡದಂತೆ ಕೀಳಬೇಕು. ಆ ಕೂಲಿಯೇ ಬೀಜದ ಬೆಲೆಯಲ್ಲಿ ಸೇರಿರುತ್ತದೆ. ಹತ್ತಿಯಲ್ಲಿ ಕೆಲಸವು ಇನ್ನೂ ಸೂಕ್ಷ್ಮ. ಧಾರವಾಡದಲ್ಲಿ ಡಾ|| ಬಿ. ಎಚ್. ಕಟರಕಿಯವರು 1972ರಲ್ಲಿ ಹೊರತಂದ ‘ವರಲಕ್ಷ್ಮಿ’ಯು ಎರಡು ಬೇರೆ ಜಾತಿಯ ಹತ್ತಿಗಳ ಸಂತಾನ. ಸಂಜೆ ಮೊಗ್ಗನ್ನು ಉಗುರಿನಿಂದ ಬಿಡಿಸಿ ಗಂಡುಭಾಗವನ್ನು ತೆಗೆದು, ಮರುದಿನ ಬೆಳಿಗ್ಗೆ ತಂದೆತಳಿಯ ಪರಾಗವನ್ನು ಸವರಬೇಕು. ಒಂದೊಂದು ಹೂವಿಗೂ ಒಬ್ಬರ ಕೈ ಎರಡು ಸಲ ತಾಗುತ್ತದೆ.

ಈ ಬೀಜದ ಶಕ್ತಿಯೆಲ್ಲ ಅದರ ಮಿಶ್ರಣದಲ್ಲಿಯೇ ಇದೆ. ಅದರ ಫಸಲಿನಿಂದ ಬೀಜವಿಟ್ಟರೆ ಮಿಶ್ರಣವು ಒಂದೇ ತಲೆಗೆ ಅರ್ಧಕ್ಕೆ ಇಳಿಯುತ್ತದೆ. ಹೊಲದ ಗಿಡಗಳೆಲ್ಲವೂ ಒಂದೇ ತರದ ಮಿಶ್ರಣವಾದ್ದರಿಂದ ಅಕ್ಕಪಕ್ಕದವು ಕೂಡಿದರೂ ಫಲವು ಬೇರೆಯಾಗುವುದಿಲ್ಲ. ಕೇವಲ ಹತ್ತು ಜೊತೆ ಕಾರಕಗಳಲ್ಲಿ ವ್ಯತ್ಯಾಸವಿದೆಯೆಂದು ಇಟ್ಟುಕೊಂಡರೂ 59,049 ಬಗೆಯ ಗಿಡಗಳು ಹುಟ್ಟಬಹುದು. ಅವುಗಳಲ್ಲಿ ಹತ್ತಕ್ಕೆ ಹತ್ತೂ ಮೊದಲಿನಂತೆಯೇ ಇರುವುದು ಸುಮಾರು ಸಾವಿರ ಗಿಡಕ್ಕೆ ಒಂದು. ನಿಜವಾದ ಗಿಡದಲ್ಲಿ ಜೊತೆಗಳು ಹತ್ತಲ್ಲ, ಸಾವಿರಾರು. ತೆನೆಯನ್ನು ಎಷ್ಟೇ ಜಾಣತನದಿಂದ ಆರಿಸಿದರೂ ಈ ಒಡೆಯುವಿಕೆಯನ್ನು ತಪ್ಪಿಸಲು ರೈತನಿಂದಾಗದು. ಆದುದರಿಂದ ಮೇಲೆ ಹೇಳಿದ ದೂರುಗಾರನಿಗೆ ಬೀಜ ಮಾರಿದವನ ತಪ್ಪಿರಲಿಲ್ಲ. ಮಾರುವಾಗ ಈ ಸಂಗತಿಯನ್ನು ಬಾಯಿಬಿಟ್ಟು ಹೇಳದಿದ್ದರೆ ಅಷ್ಟರ ಮಟ್ಟಿಗೆ ತಪ್ಪುಂಟು.

ಮೆಂಡೆಲನು ಊಹಿಸಿದ ಕಾರಕಗಳಿಗೆ ಈಗ ವಂಶವಾಹಿಗಳೆಂದು ಹೆಸರು. ಗಿಡದ ಪ್ರತಿಯೊಂದು ಜೀವಕೋಶದೊಳಗೂ ದಾರದಂಥ ವರ್ಣತಂತುಗಳಿರುತ್ತವೆ. ಬಟಾಣಿಗೆ 14, ಜೋಳಕ್ಕೆ 20, ಭತ್ತಕ್ಕೆ 24, ರಾಗಿಗೆ 36. ಈ ತಂತುವಿನ ಸಾರವು ಡಿ.ಎನ್.ಎ. ಎಂಬ ವಸ್ತು. ಅದು ಎರಡು ಎಳೆಗಳ ಹುರಿಯಂತೆ ಸುತ್ತಿಕೊಂಡಿದೆಯೆಂಬುದನ್ನು 1953ರಲ್ಲಿ ವ್ಯಾಟ್ಸನ್, ಕ್ರಿಕ್ ಎಂಬ ಇಬ್ಬರು ಪ್ರಕಟಿಸಿದರು. ಎಳೆಯ ಉದ್ದಕ್ಕೂ ನಾಲ್ಕೇ ಬಗೆಯ ರಾಸಾಯನಿಕ ಅಕ್ಷರಗಳು. ಅವುಗಳ ಸಾಲೇ ಗಿಡಕ್ಕೆ ಬರೆದ ಅಪ್ಪಣೆ. ಭತ್ತದ ಇಂಥ ಅಕ್ಷರಗಳು ಸುಮಾರು 39 ಕೋಟಿ. ಅವುಗಳ ಪಟ್ಟಿಯನ್ನು, ಭಾರತವೂ ಸೇರಿದ್ದ ಅನೇಕ ದೇಶಗಳ ವಿಜ್ಞಾನಿಗಳು 2005ರಲ್ಲಿ ಮುಗಿಸಿದರು.

ಒಂದು ಅಕ್ಷರವು ತಪ್ಪಿದರೆ ಏನಾಗುವುದೆಂಬುದಕ್ಕೆ ಮೆಂಡೆಲನ ಗಿಡ್ಡ ಬಟಾಣಿಯೇ ನಿದರ್ಶನ. ಗಿಡವು ನೀಳವಾಗುವುದಕ್ಕೆ ಜಿಬ್ಬರೆಲಿನ್ ಎಂಬ ಚೋದಕರಸವು ಬೇಕು. ಗಿಡ್ಡ ಬಟಾಣಿಯಲ್ಲಿ ಆ ರಸವನ್ನು ಸಿದ್ಧಪಡಿಸುವ ವಂಶವಾಹಿಯೊಂದರಲ್ಲಿ ಒಂದೇ ಅಕ್ಷರವು ಬದಲಾಗಿದೆಯೆಂದು 1997ರಲ್ಲಿ ಕಂಡುಬಂದಿತು. ಈ ರಸದ ಪತ್ತೆಯಾದದ್ದು ಭತ್ತದ ಗದ್ದೆಯಿಂದಲೇ: ರೋಗ ತಗುಲಿದ ಪೈರು ಬಿಳಿಚಿಕೊಂಡು ಅತಿಯಾಗಿ ನೀಳವಾಗಿ ಸಾಯುವುದಕ್ಕೆ ಶಿಲೀಂಧ್ರವು ಸುರಿಸುವ ವಸ್ತುವೇ ಕಾರಣವೆಂದು ಜಪಾನಿನ ಕುರೊಸಾವ ಎಂಬುವನು 1926ರಲ್ಲಿ ತೋರಿಸಿದನು. ಬಟಾಣಿಯ ಕತೆಯು ಭತ್ತದಲ್ಲಿ ಮರುಕಳಿಸಿತು. ಹಳೆಯ ಭತ್ತಗಳು ಎತ್ತರ. ಗೊಬ್ಬರ ಹೆಚ್ಚಾದರೆ ತೆನೆಭಾರಕ್ಕೆ ಮಲಗಿಬಿಡುತ್ತಿದ್ದವು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾಲಯದಲ್ಲಿ 1962ರಲ್ಲಿ ಇಂಡೊನೇಷ್ಯದ ಎತ್ತರದ ತಳಿಯನ್ನು ತೈವಾನಿನ ಗಿಡ್ಡ ತಳಿಯೊಡನೆ ಕೂಡಿಸಿದರು. ಮೊದಲ ತಲೆಯಲ್ಲಿ ಎಲ್ಲವೂ ಎತ್ತರ, ಎರಡನೆಯದರಲ್ಲಿ ನಾಲ್ಕಕ್ಕೆ ಒಂದು ಗಿಡ್ಡ. ಆ ಗಿಡ್ಡವುಗಳಿಂದ ಆರಿಸಿ ಸ್ಥಿರಪಡಿಸಿದ ಐ.ಆರ್. 8 ತಳಿಯು 1966ರಲ್ಲಿ ಹೊರಬಂದಿತು. ಅದರ ಗಿಡ್ಡತನಕ್ಕೂ ಜಿಬ್ಬರೆಲಿನ್ ರಸದ ಕೊರತೆಯೇ ಕಾರಣವೆಂದು 2002ರಲ್ಲಿ ತಿಳಿಯಿತು. ಆ ವಂಶವಾಹಿಯಿಂದ 383 ಅಕ್ಷರಗಳು ಬಿಟ್ಟುಹೋಗಿದ್ದವು.

ಅಕ್ಷರಗಳನ್ನು ಓದುವ ವಿದ್ಯೆಯು ತಳಿಗಾರನ ಕಾಲವನ್ನೂ ಉಳಿಸಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ಬಹಳವಾಗಿ ಬೆಳೆಯುವ ಸಾಂಬ ಮಸೂರಿ ಭತ್ತಕ್ಕೆ ದುಂಡಾಣು ಅಂಗಮಾರಿ ರೋಗದ ಕಾಟವಿದೆ. ಹೈದರಾಬಾದಿನ ವಿಜ್ಞಾನಿಗಳು ಆ ರೋಗವನ್ನು ತಡೆಯುವ ಮೂರು ವಂಶವಾಹಿಗಳನ್ನು ಅದರಲ್ಲಿ ಕೂಡಿಸಿ 2008ರಲ್ಲಿ ಸುಧಾರಿತ ತಳಿಯನ್ನು ಹೊರತಂದರು. ಈ ಮೂರರಲ್ಲಿ ಎರಡು ದುರ್ಬಲ ಜಾತಿಯವು. ಜೊತೆಯಲ್ಲಿ ಒಂದೇ ಇದ್ದರೆ ಅಡಗಿರುವುವು. ಕಣ್ಣಿನಿಂದ ನೋಡಿ ಆರಿಸುವವನು ಅವುಗಳನ್ನು ಹೊತ್ತ ಗಿಡವನ್ನೇ ಕಿತ್ತು ಬಿಸಾಡಿಯಾನು. ಸಸಿಯ ಎಲೆಯ ಚೂರೊಂದರಿಂದ ಡಿ.ಎನ್.ಎ. ತೆಗೆದು ನೋಡಿದರೆ, ಅಡಗಿರುವುದೂ ನಾಟಿಗೆ ಮುಂಚೆಯೇ ತಿಳಿದುಬಿಡುತ್ತದೆ.

ಇನ್ನು ಮನೆಯಲ್ಲಿ ಬೀಜವಿಡುವವರು ಅರಿಯತಕ್ಕ ಮಾತೊಂದು ಉಳಿದಿದೆ. ಡೆನ್ಮಾರ್ಕಿನ ಯೊಹಾನ್ಸೆನ್ ಎಂಬುವನು ಹುರುಳಿಕಾಯಿಯ ಶುದ್ಧ ತಳಿಯೊಂದರಲ್ಲಿ ದಪ್ಪಕಾಳುಗಳನ್ನೂ ಸಣ್ಣಕಾಳುಗಳನ್ನೂ ಬೇರೆ ಬೇರೆಯಾಗಿ ಬಿತ್ತಿ ನೋಡಿದನು. ಎರಡರ ಸಂತತಿಯ ಸರಾಸರಿ ಗಾತ್ರವೂ ಒಂದೇ ಆಯಿತೆಂದು ಅವನು 1903ರಲ್ಲಿ ಪ್ರಕಟಿಸಿದನು. ಅಲ್ಲಿಯ ದಪ್ಪತನವು ನೆಲ, ನೀರು, ಬಿಸಿಲುಗಳ ಕೊಡುಗೆ, ವಂಶದ್ದಲ್ಲ. ತಿಪ್ಪೆಯ ಮಗ್ಗುಲಿನಲ್ಲಿಯೋ ಬದುವಿನ ಅಂಚಿನಲ್ಲಿಯೋ ಬೆಳೆದ ಭಾರಿ ತೆನೆಯನ್ನು ಬೀಜಕ್ಕೆಂದು ಮುರಿದಿಡುವವರು ಇದನ್ನು ನೆನೆಯತಕ್ಕದ್ದು. ಹೊಲದ ಒಳಭಾಗದಲ್ಲಿ, ಸುತ್ತಲ ಗಿಡಗಳಷ್ಟೇ ಗೊಬ್ಬರ ತಿಂದು, ಅವುಗಳಿಗಿಂತ ಮೇಲಾಗಿ ಬಂದ, ರೋಗವಿಲ್ಲದ ಗಿಡಗಳ ತೆನೆಯೇ ಬೀಜಕ್ಕೆ ತಕ್ಕದ್ದು. ಬಣ್ಣದಲ್ಲಿಯೂ ತೆನೆಯ ಆಕಾರದಲ್ಲಿಯೂ ಬೇರೆಯಾಗಿ ಕಾಣುವ ಬೆರಕೆ ಗಿಡಗಳನ್ನು ಕೊಯ್ಲಿಗೆ ಮೊದಲೇ ಕಿತ್ತುಹಾಕಬೇಕು. ಕಣದಲ್ಲಿ ಬೆರೆತ ಮೇಲೆ ಯಾರಿಂದಲೂ ಆರಿಸಲಾಗದು. ತೊಗರಿಯ ಹೂವಿಗೆ ಜೇನುನೊಣಗಳು ಬರುವುದರಿಂದ, ನೆರೆಯಲ್ಲಿ ಬೇರೆ ತಳಿಯ ತೊಗರಿಯಿದ್ದರೆ ಬೀಜಕ್ಕೆ ಬಿಡುವ ಮಡಿಯನ್ನು ದೂರದಲ್ಲಿ ಮಾಡಿಕೊಳ್ಳುವುದು ಉತ್ತಮ.

ಬೀಜದ ಚೀಲವನ್ನು ಕೊಳ್ಳುವಾಗ ಚೀಟಿಯ ಬಣ್ಣವನ್ನು ನೋಡುವ ರೂಢಿಯು ಬಂದಿದೆ. ಮೂಲ ತಳಿಗಾರನ ಬೀಜಕ್ಕೆ ಹಳದಿ, ತಳಪಾಯದ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಈ ಬಣ್ಣಗಳು ಶುದ್ಧತೆಯ ಮೆಟ್ಟಿಲನ್ನು ಹೇಳುತ್ತವೆಯೇ ಹೊರತು ಒಳಗಿರುವುದು ಸ್ಥಿರವಾದ ತಳಿಯೋ ಮಿಶ್ರತಳಿಯೋ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಚೀಟಿಯ ಮೇಲೆ ಬರೆದ ತಳಿಯ ಹೆಸರನ್ನು ಓದಬೇಕು. ಓದುಬಾರದವರಿದ್ದರೆ ಊರಿನ ಮುಖಂಡರು ಬಿತ್ತನೆಗೆ ಮುಂಚೆ ಓದಿ ಹೇಳುವುದು ಒಳ್ಳೆಯದು. ಹೆಸರಿನಿಂದಲೂ ತಿಳಿಯದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬಹುದು.