ಹಂದಿಗಾಹಿಯ ತಲೆಗೆ ಕಿರೀಟ

ರಾಜಕುಮಾರರ ಕಥೆಗಳನ್ನು ಕೇಳದೆ ಬೆಳೆದ ಮಕ್ಕಳು ಯಾವ ದೇಶದಲ್ಲಿಯೂ ವಿರಳ. ಆ ಕಥೆಗಳು ನಡೆಯುವ ಹಾದಿಯೂ ಬಹುಮಟ್ಟಿಗೆ ಒಂದೇ. ತಾಯಿತಂದೆಗಳನ್ನರಿಯದ ಹುಡುಗನೊಬ್ಬನು ಅನ್ಯರ ಮನೆಯಲ್ಲಿ ಬೆಳೆಯುತ್ತಾನೆ, ಸಾಹಸಗಳನ್ನು ಮೆರೆಯುತ್ತಾನೆ, ಕೊನೆಗೆ ಮೈಮೇಲಿನ ಮಚ್ಚೆಯೋ ಬೆರಳಿನ ಉಂಗುರವೋ ಸಾಕ್ಷಿ ನುಡಿದು, ಅವನು ರಾಜವಂಶದ ಕುಡಿಯೆಂಬುದು ಬಯಲಾಗುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸನನ್ನು ಬಲ್ಲ ಕನ್ನಡಿಗರಿಗೆ ಈ ಜಾಡು ಹೊಸದಲ್ಲ. ದಿಕ್ಕಿಲ್ಲದ ಬಾಲಕನೆಂದು ಲೋಕವು ಕಂಡವನು ಅಲ್ಲಿ ಕೇರಳದ ಅರಸನ ಮಗನೇ ಆಗಿರುತ್ತಾನೆ.

ಇಂಥ ಮುಕ್ತಾಯವು ಕೇಳುಗರ ಮನಸ್ಸಿಗೆ ಹಿತವನ್ನೀಯುತ್ತದೆ, ನಿಜ. ಆದರೆ ಆ ಹಿತದ ಅಡಿಯಲ್ಲಿ ಒಂದು ನಂಬಿಕೆ ಅಡಗಿ ಕುಳಿತಿದೆ: ಆಳುವ ಗುಣವು ರಕ್ತದಲ್ಲಿಯೇ ಬರತಕ್ಕದ್ದು. ಮಕ್ಕಳ ಮುಂದೆ ಈ ನಂಬಿಕೆಯನ್ನು ಬಿಚ್ಚಿಟ್ಟು, ಅದು ಸುಳ್ಳೆಂದು ಕಥೆಯ ಮೂಲಕವೇ ತೋರಿಸಿದ ಕಾದಂಬರಿಯೊಂದಿದೆ. ಅಮೆರಿಕದ ಲೇಖಕ ಲಾಯ್ಡ್ ಅಲೆಗ್ಸಾಂಡರ್ ಅವರ ‘ದಿ ಹೈ ಕಿಂಗ್’ ಎಂಬ ಆ ಪುಸ್ತಕವು 1968ರಲ್ಲಿ ಪ್ರಕಟವಾಗಿ, ಮರುವರ್ಷ ಅಲ್ಲಿನ ಮಕ್ಕಳ ಸಾಹಿತ್ಯದ ಶ್ರೇಷ್ಠ ಗೌರವವಾದ ನ್ಯೂಬೆರಿ ಪದಕವನ್ನು ಪಡೆಯಿತು.

ವೇಲ್ಸಿನ ನೆಲದಿಂದ

ಅಲೆಗ್ಸಾಂಡರ್ ಅವರು ಹುಟ್ಟಿದ್ದು 1924ರಲ್ಲಿ, ಫಿಲಡೆಲ್ಫಿಯ ನಗರದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ಅವರು ಕೆಲಕಾಲ ವೇಲ್ಸ್ ಪ್ರಾಂತದಲ್ಲಿದ್ದರು. ಅಲ್ಲಿಯ ಬೆಟ್ಟಗಳೂ ಪಾಳುಗೋಟೆಗಳೂ ಅವರ ಮನಸ್ಸಿನಲ್ಲಿ ಉಳಿದವು. ‘ಮ್ಯಾಬಿನೋಗಿಯನ್’ ಎಂಬ ವೇಲ್ಸಿನ ಪ್ರಾಚೀನ ಕಥಾಸಂಗ್ರಹದಿಂದ ಕೆಲವು ಹೆಸರುಗಳನ್ನೂ ಎಳೆಗಳನ್ನೂ ಆಯ್ದುಕೊಂಡು, ಪ್ರಿಡೇನ್ ಎಂಬ ಕಲ್ಪಿತ ದೇಶವನ್ನು ಅವರು ಕಟ್ಟಿದರು. ಈ ದೇಶದ ಕಥೆಯು 1964ರಿಂದ 1968ರವರೆಗೆ ಐದು ಸಂಪುಟಗಳಲ್ಲಿ ಹೊರಬಂದಿತು. ‘ದಿ ಹೈ ಕಿಂಗ್’ ಅವುಗಳಲ್ಲಿ ಕೊನೆಯದು.

ಕಥಾನಾಯಕ ಟಾರನ್. ಅವನ ಪದವಿ ಸಹಾಯಕ ಹಂದಿಗಾಹಿ! ಭವಿಷ್ಯವನ್ನು ಸೂಚಿಸಬಲ್ಲ ಹೆನ್ ವೆನ್ ಎಂಬ ಬಿಳಿಯ ಹಂದಿಯೊಂದನ್ನು ನೋಡಿಕೊಳ್ಳುವುದೇ ಅವನ ಉದ್ಯೋಗ. ವೃದ್ಧ ಮಾಂತ್ರಿಕ ಡಾಲ್ಬೆನ್ ಅವನನ್ನು ಸಾಕಿದವನು. ಯೋಧನಾಗಿದ್ದು ಈಗ ತರಕಾರಿ ಬೆಳೆಯುವ ಕಾಲ್ ಎಂಬಾತನು ದುಡಿಮೆಯನ್ನು ಕಲಿಸಿದವನು. ತಾನು ಯಾರ ಮಗನೆಂಬುದು ಮಾತ್ರ ಟಾರನ್‌ಗೆ ತಿಳಿಯದು. ಅವನು ಮೆಚ್ಚಿದ ಹುಡುಗಿ ಐಲೋನ್ವಿಯಾದರೋ ಮಾಂತ್ರಿಕ ಮನೆತನದ ರಾಜಕುಮಾರಿ. ಹಂದಿ ಕಾಯುವವನು ರಾಜಕುಮಾರಿಯ ಕೈ ಕೇಳುವುದೆಂತು?

ಹಿಂದಿನ ಸಂಪುಟದಲ್ಲಿ ಈ ಕೊರಗೇ ಅವನನ್ನು ಊರೂರು ಅಲೆಸುತ್ತದೆ. ಕುರಿಗಾಹಿಯಾದ ಬಡ ಮುದುಕನೊಬ್ಬನು ತಾನೇ ಅವನ ತಂದೆಯೆಂದು ಹೇಳಿಕೊಳ್ಳುತ್ತಾನೆ. ಮುಂದೆ ಆ ಮುದುಕನು ಕಮರಿಗೆ ಬಿದ್ದಾಗ, ಅವನನ್ನು ಅಲ್ಲಿಯೇ ಬಿಟ್ಟರೆ ತನಗೆ ಬಿಡುಗಡೆಯಾಗುವುದೆಂಬ ಆಲೋಚನೆ ಟಾರನ್‌ನ ಮನಸ್ಸಿನಲ್ಲಿ ಸುಳಿಯುತ್ತದೆ. ಮರುಕ್ಷಣವೇ ನಾಚಿ ಅವನು ಕೆಳಗಿಳಿಯುತ್ತಾನೆ. ತಂದೆಯೆಂಬ ಮಾತು ಸುಳ್ಳೆಂದು ತಿಳಿಯುವುದು ಆಮೇಲೆ. ಕಿರೀಟಕ್ಕೆ ಅರ್ಹನಾಗುವವನ ಮನಸ್ಸಿನಲ್ಲಿಯೂ ಇಂಥ ಕತ್ತಲೆಯ ಗಳಿಗೆ ಬರಬಹುದೆಂದು ಎಳೆಯ ಓದುಗರಿಗೆ ಮರೆಮಾಚದೆ ಹೇಳಿದುದು ಲೇಖಕರ ದೊಡ್ಡ ಗುಣ. ಅದೇ ಅಲೆದಾಟದಲ್ಲಿ ಟಾರನ್ ಕಮ್ಮಾರಿಕೆ, ನೇಯ್ಗೆ, ಕುಂಬಾರಿಕೆಗಳನ್ನು ಕಲಿಯುತ್ತಾನೆ. ಅವನಿಗೆ ಅತ್ಯಂತ ಪ್ರಿಯವಾದುದು ಕುಂಬಾರಿಕೆ. ಅದರಲ್ಲಿಯೇ ತನಗೆ ಪ್ರತಿಭೆ ಸಾಲದೆಂದು ಅವನು ಅರಿಯಬೇಕಾಗುತ್ತದೆ.

ಅರಸರ ಒಡ್ಡೋಲಗ

ಕೊನೆಯ ಸಂಪುಟದಲ್ಲಿ ಮೃತ್ಯುಲೋಕದ ಒಡೆಯನಾದ ಅರಾನ್, ಡಿರ್ನ್ವಿನ್ ಎಂಬ ಮಾಯಾಖಡ್ಗವನ್ನು ಅಪಹರಿಸುತ್ತಾನೆ. ದೇಶದ ಮೇಲೆ ಯುದ್ಧ ಬಂದೆರಗುತ್ತದೆ. ಟಾರನ್‌ನ ಬೆಂಬಲಕ್ಕೆ ಬರುವವರು ಅವನಿಗೆ ಕಸುಬು ಕಲಿಸಿದ ಹಳ್ಳಿಗಳ ಜನ. ಅವರ ಧ್ವಜದ ಮೇಲಿರುವುದು ಸಿಂಹವಲ್ಲ, ಗರುಡನಲ್ಲ, ಐಲೋನ್ವಿ ಕಸೂತಿ ಹಾಕಿದ ಬಿಳಿಯ ಹಂದಿ!

ಈ ಕಾದಂಬರಿಯಲ್ಲಿ ಅರಸರಿಗೆ ಕೊರತೆಯಿಲ್ಲ. ಬಗೆಬಗೆಯ ಅರಸರನ್ನು ಸಾಲಾಗಿ ನಿಲ್ಲಿಸಿ, ಅರಸುತನವೆಂದರೇನೆಂದು ಲೇಖಕರು ವಾಚಕರನ್ನೇ ಕೇಳುವಂತಿದೆ. ರೂನ್ ಎಡವಟ್ಟಿನ ಯುವರಾಜನಾಗಿ ನಗೆಗೀಡಾಗಿದ್ದವನು. ತನ್ನ ದ್ವೀಪಕ್ಕೊಂದು ಕಡಲಗೋಡೆಯನ್ನು ಕಟ್ಟಿಸುವ ಕನಸನ್ನು ಅರ್ಧಕ್ಕೇ ಬಿಟ್ಟು, ಗೆಳೆಯರನ್ನು ಉಳಿಸಲು ಪ್ರಾಣವನ್ನೇ ತೆರುತ್ತಾನೆ. ಫ್ಲೂಡರ್ ಪುಟ್ಟ ರಾಜ್ಯವೊಂದರ ದೊರೆಯಾದರೂ ವೀಣೆಯಂಥ ಹಾರ್ಪ್ ವಾದ್ಯವನ್ನು ಹೊತ್ತು ತಿರುಗುವ ಗಾಯಕ. ಅವನು ಬಣ್ಣ ಕಟ್ಟಿ ಮಾತನಾಡಿದಾಗಲೆಲ್ಲ ಅದರ ತಂತಿ ಕಡಿಯುತ್ತದೆ. ಹಿಮಪಾತದ ರಾತ್ರಿಯಲ್ಲಿ ಸಂಗಡಿಗರು ಚಳಿಯಿಂದ ಸಾಯುವಂತಾದಾಗ, ಅವನು ಆ ವಾದ್ಯವನ್ನೇ ಮುರಿದು ಬೆಂಕಿಗೊಡ್ಡುತ್ತಾನೆ. ಉರಿಯುತ್ತಲೇ ಅದು ಇರುಳೆಲ್ಲ ನಾದಗೈಯುವ ಆ ಪ್ರಸಂಗವನ್ನು ಓದಿ ಕಣ್ಣು ತೇವವಾಗದಿರುವುದು ಕಷ್ಟ.

ಇನ್ನೊಂದು ಕಡೆ ಪ್ರಿಡೆರಿ ಇದ್ದಾನೆ. ರೂಪವಂತ, ಪರಾಕ್ರಮಿ, ದೊಡ್ಡ ಸೇನೆಯ ಒಡೆಯ. ಸಣ್ಣ ಅರಸರ ನಿತ್ಯದ ಜಗಳಗಳಿಂದ ಬೇಸತ್ತು, ಬಲಿಷ್ಠನೊಬ್ಬನ ಹಿಡಿತದಿಂದಲೇ ನಾಡಿಗೆ ಶಾಂತಿಯೆಂದು ನಂಬಿ, ಅವನು ಅರಾನ್‌ನ ಪಕ್ಷವನ್ನು ಸೇರುತ್ತಾನೆ. ದ್ರೋಹಿಯೂ ತನ್ನನ್ನು ದೇಶಹಿತೈಷಿಯೆಂದೇ ತಿಳಿದಿರಬಹುದೆಂಬ ಈ ಪಾಠವು ಹದಿಹರೆಯದವರಿಗೆ ಮಾತ್ರವಲ್ಲ, ಹಿರಿಯರಿಗೂ ತಕ್ಕುದು.

ಗೆಲುವಿನ ಬೆಲೆ

ಯುದ್ಧವು ಗೆಲುವಿನಲ್ಲಿ ಮುಗಿಯುತ್ತದೆ; ಆದರೆ ಗೆಲುವು ಅಗ್ಗವಾಗಿ ದೊರೆಯುವುದಿಲ್ಲ. ಕಾಲ್ ರಣರಂಗದಲ್ಲಿ ಮಡಿಯುತ್ತಾನೆ. ಅನಂತರ ದೇವಸದೃಶರಾದ ಹಿರಿಯರೆಲ್ಲರೂ ಸಾವುನೋವುಗಳಿಲ್ಲದ ದೇಶವೊಂದಕ್ಕೆ ಹಡಗೇರಲು ಸಿದ್ಧರಾಗುತ್ತಾರೆ. ಟಾರನ್‌ಗೂ ಆಹ್ವಾನ ಬರುತ್ತದೆ. ಅಲ್ಲಿ ಐಲೋನ್ವಿಯೂ ಜೊತೆಗಿರುವಳು. ಅವನು ಒಂದು ರಾತ್ರಿ ಯೋಚಿಸಿ, ಬರಲಾರೆನೆನ್ನುತ್ತಾನೆ. ರೂನ್‌ನ ಕಡಲಗೋಡೆ ಅರ್ಧಕ್ಕೆ ನಿಂತಿದೆ. ಕಾಲ್ ಬಿದ್ದ ಬಂಜರು ನೆಲವನ್ನು ಮತ್ತೆ ಹಸುರಾಗಿಸಬೇಕಾಗಿದೆ. ಕೊಟ್ಟ ಮಾತುಗಳು ಉಳಿದಿವೆ. ಅಮರತ್ವವನ್ನು ಬಿಟ್ಟು ಕೆಲಸವನ್ನು ಆರಿಸಿಕೊಂಡ ಮೇಲೆಯೇ, ಪ್ರಿಡೇನಿನ ಮಹಾರಾಜನು ಅವನೆಂದು ಡಾಲ್ಬೆನ್ ಹೇಳುತ್ತಾನೆ.

ಆಗಲಾದರೂ ಜನ್ಮರಹಸ್ಯವು ಬಯಲಾಗುವುದೆಂದು ವಾಚಕನು ಕಾಯುತ್ತಾನೆ. ಡಾಲ್ಬೆನ್ ಹೇಳುವುದಾದರೋ ಇಷ್ಟೆ: ಯುದ್ಧ ಮುಗಿದ ಬಯಲಿನ ಅಂಚಿನಲ್ಲಿ, ಹೆಣಗಳ ಸಮೀಪ, ಗುರುತಿಲ್ಲದ ಬಟ್ಟೆಯಲ್ಲಿ ಸುತ್ತಿದ್ದ ಕೂಸೊಂದು ಅವನಿಗೆ ಸಿಕ್ಕಿತು. ಅರಸನ ಮಗುವೋ, ರೈತನ ಮಗುವೋ, ಎಂದೆಂದಿಗೂ ತಿಳಿಯದು. ಮಚ್ಚೆಯಿಲ್ಲ, ಉಂಗುರವಿಲ್ಲ. ಕಾದಂಬರಿಯ ತಿರುಳೇ ಇದು. ಬೇರೆ ಕಥೆಗಳಲ್ಲಿ ಜನ್ಮವು ಕಿರೀಟವನ್ನು ತರುತ್ತದೆ; ಇಲ್ಲಿ ಜನ್ಮದ ಪ್ರಶ್ನೆಯೇ ಅನಾವಶ್ಯಕವಾಗುತ್ತದೆ.

ಇಷ್ಟಾದರೂ ಗ್ರಂಥವು ನಿರ್ದುಷ್ಟವೆಂದು ಹೇಳುವಂತಿಲ್ಲ. ಹಿಂದಿನ ನಾಲ್ಕು ಸಂಪುಟಗಳನ್ನು ಓದದವನಿಗೆ ಹೆಸರುಗಳ ಅಡವಿಯಲ್ಲಿ ದಾರಿ ತಪ್ಪುವುದು ಖಂಡಿತ. ಅರಾನ್‌ನ ಪಾತ್ರಕ್ಕೆ ಒಳಬದುಕೆಂಬುದಿಲ್ಲ. ಪ್ರಿಡೆರಿಗೆ ದೊರೆತ ಸೂಕ್ಷ್ಮತೆ ಅವನಿಗೆ ದೊರೆತಿಲ್ಲ. ಇವೆರಡಕ್ಕಿಂತಲೂ ಮಿಗಿಲಾದ ಆಕ್ಷೇಪವು ಐಲೋನ್ವಿಗೆ ಸಂಬಂಧಿಸಿದ್ದು. ಟಾರನ್‌ನ ಜೊತೆ ಉಳಿಯಬೇಕಾದರೆ ಅವಳು ತನ್ನ ಹುಟ್ಟಿನೊಡನೆ ಬಂದ ಮಂತ್ರಶಕ್ತಿಯನ್ನೆಲ್ಲ ತೊರೆಯಬೇಕು. ಅವಳು ಬೆರಳಿನ ಉಂಗುರವನ್ನು ತಿರುಗಿಸಿ ಹಾಗೆಯೇ ಬಯಸುತ್ತಾಳೆ. ಕೆಲವೇ ಸಾಲುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಟಾರನ್‌ನ ನಿರ್ಧಾರಕ್ಕೆ ಒಂದು ರಾತ್ರಿಯ ಒಳತೋಟಿಯನ್ನು ಕೊಟ್ಟ ಲೇಖಕರು, ಅಷ್ಟೇ ಚುರುಕಾದ, ಅಷ್ಟೇ ಧೀರಳಾದ ಈ ಹುಡುಗಿಯ ತ್ಯಾಗಕ್ಕೆ ಅಂಥದೊಂದು ರಾತ್ರಿಯನ್ನೇಕೆ ಕೊಡಲಿಲ್ಲ? ಅವನು ಪಡೆಯುತ್ತಾನೆ, ಅವಳು ಕಳೆದುಕೊಳ್ಳುತ್ತಾಳೆ. ಇಂದಿನ ಹೆಣ್ಣುಮಕ್ಕಳು ಈ ಪುಟದಲ್ಲಿ ತಡೆದು ನಿಂತರೆ ಅದು ನ್ಯಾಯವೇ.

ಮೊದಲೆರಡು ಸಂಪುಟಗಳನ್ನಾಧರಿಸಿ ಡಿಸ್ನಿ ಸಂಸ್ಥೆಯು 1985ರಲ್ಲಿ ‘ದಿ ಬ್ಲ್ಯಾಕ್ ಕಾಲ್ಡ್ರನ್’ ಎಂಬ ಚಿತ್ರವನ್ನು ಹೊರತಂದಿತು. ಅದನ್ನು ಕಂಡವರಿಗೆ ಹಂದಿಗಾಹಿಯ ಪರಿಚಯವಾದೀತೇ ಹೊರತು ಮಹಾರಾಜನದಲ್ಲ. ಅಲೆಗ್ಸಾಂಡರ್ ಅವರು 2007ರಲ್ಲಿ ತೀರಿಕೊಂಡರು, ಪುಸ್ತಕವು ಉಳಿದಿದೆ.

ಮನೆಯ ಮಕ್ಕಳು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಇದನ್ನು ಕೈಗೆತ್ತಿಕೊಂಡರೆ ತಡೆಯಬೇಕಾದ ಕಾರಣವಿಲ್ಲ. ಅವರು ಮುಗಿಸಿದ ಮೇಲೆ ತಾಯಿತಂದೆಗಳೂ ಒಮ್ಮೆ ಓದುವುದು ಒಳ್ಳೆಯದು. ಯಾರ ಮಗನೆಂದು ಕೇಳುವ ಅಭ್ಯಾಸವು ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು. ಕಡಲಗೋಡೆಯನ್ನು ಕಟ್ಟಿ ಮುಗಿಸುವವನು ಯಾರೆಂದು ಟಾರನ್ ಕೇಳಿಕೊಂಡ ಪ್ರಶ್ನೆಯು ಅದಕ್ಕಿಂತ ಉತ್ತಮವಾದುದು.